ಮಣಿ ಆಮೇಲೆ, ಮೊದಲು ತೂತು ನೋಡಿ: ಪೋಣಿಸಬೇಕೋ, ಗಂಟು ಹಾಕಬೇಕೋ, ಹೆಣೆಯಬೇಕೋ?

ಮೊದಲ ಸಲ ಬೆಂಗಳೂರಿನ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್‌ಗೆ ಹೋದಾಗ ನಾನೂ ಎಲ್ಲರ ಹಾಗೆ ಬಣ್ಣ ನೋಡಿ ಮರುಳಾದೆ. ನವಿಲುಗರಿ ಬಣ್ಣದ ಗಾಜಿನ ಮಣಿ, 6 ಮಿಮೀ ಗಾತ್ರದ್ದು, ಎರಡು ಸರ ತಗೊಂಡೆ. ಪಕ್ಕದ ಅಂಗಡಿಯಲ್ಲಿ 1 ಮಿಮೀ ದಪ್ಪದ ಮೇಣದ ದಾರವೂ ಸಿಕ್ಕಿತು. ಮನೆಗೆ ಬಂದು ಕೂತರೆ ದಾರ ಮಣಿಯೊಳಗೆ ಹೋಗಲೇ ಇಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿದೆ, ಗೋಂದು ಹಚ್ಚಿ ಒಣಗಿಸಿದೆ, ಬಾಯಲ್ಲಿಟ್ಟು ಚೂಪು ಮಾಡಿದೆ. ಊಹೂಂ. ಮಣಿಯ ತೂತು 0.8 ಮಿಮೀ, ದಾರ 1 ಮಿಮೀ, ಹೇಗೆ ಹೋದೀತು? ಇಷ್ಟು ಸಣ್ಣ ಲೆಕ್ಕ ಹೊಳೆಯೋಕೆ ನನಗೆ ತಿಂಗಳುಗಟ್ಟಲೆ ಬೇಕಾಯಿತು. ಅಲ್ಲಿಯವರೆಗೆ ಮಣಿಗಳು ಹಾರ್ಲಿಕ್ಸ್ ಬಾಟಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

ಅದಕ್ಕೇ ಹೊಸಬರು ಯಾರೇ ಕೇಳಿದರೂ ನಾನು ಮೊದಲು ಯಾವ ಮಣಿ ಅಂತ ಹೇಳುವುದಿಲ್ಲ. ಯಾವ ಕೆಲಸ ಅಂತ ಕೇಳುತ್ತೇನೆ. ಕೆಲಸ ದಾರವನ್ನು ಆರಿಸುತ್ತದೆ, ದಾರ ತೂತನ್ನು ಆರಿಸುತ್ತದೆ, ಕೊನೆಗೆ ಉಳಿಯುವುದು ಬಣ್ಣ. ನಾವೆಲ್ಲ ಮಾಡುವುದು ಇದರ ಉಲ್ಟಾ.

ಕೆಲಸಗಳು ಮುಖ್ಯವಾಗಿ ನಾಲ್ಕು. ಸುಮ್ನೆ ಪೋಣಿಸುವುದು ಒಂದು. ಗಂಟೇ ಒಡವೆಯಾಗುವ ಮ್ಯಾಕ್ರಮೆ ಇನ್ನೊಂದು. ಮಣಿ ಮಣಿಯ ನಡುವೆ ಗಂಟು ಹಾಕಿ ಮುತ್ತಿನ ಸರ ಮಾಡುವುದು ಮತ್ತೊಂದು. ಸಾಸಿವೆಯಂಥ ಮಣಿಗಳನ್ನು ಸೂಜಿಯಲ್ಲಿ ಹೆಣೆದು ಪಟ್ಟಿ ಮಾಡುವುದು ಕೊನೆಯದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಹವ್ಯಾಸ. ಒಳಗೆ ಹೋದರೆ ನಾಲ್ಕಕ್ಕೂ ಕೈ ಬೇರೆ, ಕಣ್ಣು ಬೇರೆ, ಖರ್ಚೂ ಬೇರೆ.

ಸುಮ್ನೆ ಪೋಣಿಸುವುದು

ಇದರ ಬಗ್ಗೆ ಜಾಸ್ತಿ ಹೇಳಲ್ಲ. ಅರ್ಧ ಗಂಟೆಯಲ್ಲಿ ಒಂದು ಕೈಸರ ಮುಗಿಯುತ್ತದೆ, ಮಕ್ಕಳ ಜೊತೆ ಕೂತು ಮಾಡೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿ ಆಯ್ಕೆ ಇರುವುದು ಎಲಾಸ್ಟಿಕ್, ತಂಗೂಸಿ ಮತ್ತು ಗೇರ್ ವೈರ್ ನಡುವೆ.

ಎಲಾಸ್ಟಿಕ್ ಸುಲಭ, ಕೊಕ್ಕೆ ಬೇಡ, ಯಾರ ಕೈಗಾದರೂ ಆಗುತ್ತದೆ. ಆದರೆ ಅದಕ್ಕೆ ಆಯಸ್ಸು ಕಡಿಮೆ. ಅತ್ತಿಗೆಗೆ ಮಾಡಿಕೊಟ್ಟ ಕೈಸರ ಒಂದು ಮದುವೆಯಲ್ಲಿ, ಆರತಿ ತಟ್ಟೆ ಎತ್ತುವ ಹೊತ್ತಿಗೆ ಸರಿಯಾಗಿ, ಪಟ್ ಅಂತ ಹರಿಯಿತು. ಛತ್ರದ ಮೆಟ್ಟಿಲ ತುಂಬ ಮಣಿ. ಅವರು ನಕ್ಕರು, ನನಗೆ ಮಾತ್ರ ಊಟ ಸೇರಲಿಲ್ಲ. ಎಲಾಸ್ಟಿಕ್ ಬಳಸುವುದಾದರೆ ಪೋಣಿಸುವ ಮುಂಚೆ ಚೆನ್ನಾಗಿ ಎಳೆದೆಳೆದು ಬಿಡಿ. ಇಲ್ಲದಿದ್ದರೆ ನಾಲ್ಕು ದಿನಕ್ಕೇ ಸಡಿಲವಾಗಿ ಮಣಿಗಳ ನಡುವೆ ದಾರ ಕಾಣುತ್ತದೆ. ಗಂಟು ಹಾಕುವಾಗ ಒಂದು ಸುತ್ತು ಹೆಚ್ಚಿಗೆ ಸುತ್ತಿ.

ತಂಗೂಸಿ ಅಂದರೆ ಮೀನಿನ ಗಾಳದ ದಾರ, ಕರಾವಳಿಯವರಿಗೆ ಹೇಳಬೇಕಿಲ್ಲ. ಅಗ್ಗ, ಕಣ್ಣಿಗೆ ಕಾಣಲ್ಲ, ಸೂಜಿ ಬೇಡ. ಆದರೆ ಗಂಟು ಜಾರುತ್ತದೆ, ವರ್ಷ ಕಳೆದಂತೆ ಒಣಗಿ ಗಡುಸಾಗಿ ಮುರಿಯುತ್ತದೆ. ಗೇರ್ ವೈರ್ ಅಂದರೆ ಸಣ್ಣ ಉಕ್ಕಿನ ಎಳೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ತಂತಿ. ತೂಕದ ಕಲ್ಲಿನ ಮಣಿಗೆ ಇದೇ ಸರಿ. ಇದಕ್ಕೆ ಗಂಟು ಹಾಕುವ ಹಾಗಿಲ್ಲ, ತುದಿಯಲ್ಲಿ ಕ್ರಿಂಪ್ ಮಣಿ, ಅಂದರೆ ಒತ್ತಿದರೆ ಚಪ್ಪಟೆಯಾಗಿ ತಂತಿಯನ್ನು ಕಚ್ಚಿ ಹಿಡಿಯುವ ಸಣ್ಣ ಲೋಹದ ಮಣಿ, ಹಾಕಿ ಇಕ್ಕಳದಲ್ಲಿ ಒತ್ತಬೇಕು. ಚೂಪಾಗಿ ಮಡಿಸಿದರೆ ಆ ಮಡಿಕೆ ಮತ್ತೆ ಹೋಗಲ್ಲ, ಅದೊಂದು ನೆನಪಿಡಿ.

ಸುಮ್ನೆ ಪೋಣಿಸಿದ್ದು ಅಂತ ಕೀಳಾಗಿ ನೋಡಬೇಡಿ. 2021ರಲ್ಲಿ ತುಳಸಿ ಗೌಡ ಅವರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡ ಫೋಟೊ ನೋಡಿದ್ದೀರಲ್ಲ, ಅವರ ಕತ್ತಿನ ತುಂಬ ಇದ್ದದ್ದು ಹಾಲಕ್ಕಿ ಹೆಂಗಸರು ಹಾಕುವ ಮಣಿಸರಗಳು. ಸಣ್ಣ ಮಣಿಯ ಎಳೆ ಮೇಲೆ ಎಳೆ. ಅದರ ಅಂದ ಇರುವುದು ಒಂದೊಂದು ಎಳೆಯಲ್ಲಿ ಅಲ್ಲ, ಅವೆಲ್ಲ ಒಟ್ಟಿಗೆ ಸೇರಿದಾಗ ಬರುವ ತೂಕದಲ್ಲಿ.

ಮ್ಯಾಕ್ರಮೆ: ಹೂ ಕಟ್ಟಿದವರ ಕೈಗೆ ಬೇಗ ಹತ್ತುವ ಕೆಲಸ

ಮಲ್ಲಿಗೆ ಮೊಗ್ಗನ್ನು ಎರಡೆರಡು ಜೋಡಿಸಿ, ಬೆರಳಿಗೆ ದಾರ ಸುತ್ತಿ ಕುಣಿಕೆ ಮಾಡಿ ಬಿಗಿಯುವುದು ನಿಮಗೆ ಬರುತ್ತದಾ? ಹಾಗಿದ್ದರೆ ಮ್ಯಾಕ್ರಮೆಯ ಅರ್ಧ ನಿಮಗೆ ಆಗಲೇ ಬಂತು. ಅಲ್ಲೂ ಕುಣಿಕೆ, ಇಲ್ಲೂ ಕುಣಿಕೆ, ಬಿಗಿಯುವ ಹದವೂ ಅದೇ. ನಮ್ಮ ಅತ್ತೆ ಒಂದು ಮಾರು ಹೂವನ್ನು ಟಿವಿ ನೋಡುತ್ತಾ ಕಟ್ಟಿ ಮುಗಿಸುತ್ತಾರೆ. ಅವರಿಗೆ ಚೌಕ ಗಂಟು ತೋರಿಸಿದೆ. "ಇದಕ್ಕೂ ಕ್ಲಾಸ್ ಇರುತ್ತಾ?" ಅಂದರು. ಹತ್ತು ನಿಮಿಷದಲ್ಲಿ ನನಗಿಂತ ಸಮನಾಗಿ ಹಾಕುತ್ತಿದ್ದರು.

ಚೌಕ ಗಂಟು ಅಂದರೆ ಇಷ್ಟೇ. ನಡುವೆ ಎರಡು ದಾರ ಸುಮ್ಮನೆ ನಿಂತಿರುತ್ತವೆ, ಎರಡೂ ಬದಿಯ ದಾರಗಳು ಅವುಗಳ ಸುತ್ತ ಕೆಲಸ ಮಾಡುತ್ತವೆ. ಒಂದು ಸಲ ಎಡಗಡೆಯಿಂದ ಶುರು, ಮುಂದಿನ ಸಲ ಬಲಗಡೆಯಿಂದ. ಹೀಗೆ ಬದಲಾಯಿಸುತ್ತಾ ಹೋದರೆ ಚಪ್ಪಟೆ ಪಟ್ಟಿ ಬರುತ್ತದೆ. ಮರೆತು ಒಂದೇ ಕಡೆಯಿಂದ ಹಾಕುತ್ತಾ ಹೋದರೆ ಪಟ್ಟಿ ತಾನೇ ತಿರುಚಿಕೊಂಡು ಸುರುಳಿಯಾಗುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ, ಬೇಕೂಂತಲೇ ಮಾಡಿದ್ದು ಅಂತ ಹೇಳಿಬಿಡಬಹುದು.

ದಾರದ ಅಳತೆಯಲ್ಲಿ ಹೊಸಬರು ಯಾವಾಗಲೂ ಮೋಸ ಹೋಗುತ್ತಾರೆ. ಗಂಟು ದಾರವನ್ನು ನುಂಗುತ್ತದೆ. ಗಂಟು ಹಾಕುವ ಪ್ರತಿ ಬದಿಯ ದಾರ, ಮುಗಿದ ಪಟ್ಟಿಯ ಉದ್ದಕ್ಕಿಂತ ನಾಲ್ಕೈದು ಪಟ್ಟು ಇರಬೇಕು. 18 ಸೆಂಮೀ ಕೈಪಟ್ಟಿಗೆ 1 ಮಿಮೀ ದಾರವಾದರೆ ನಡುವಿನ ಎರಡು ಎಳೆಗಳು ಒಂದೊಂದು ಮೊಳ, ಗಂಟಿನ ದಾರ ಒಂದು ಮಾರು. ಆ ಒಂದು ಮಾರನ್ನು ನಡುವೆ ಹಿಡಿದು ಎರಡೂ ಬದಿಗೆ ಬಿಡಬೇಕು. ಹೂವಿನ ಲೆಕ್ಕದಲ್ಲೇ ಹೇಳಿದೆ ನೋಡಿ, ಟೇಪ್ ಬೇಡ.

ಈಗ ದಾರ ಯಾವುದು ಅನ್ನುವ ಪ್ರಶ್ನೆ. ಹತ್ತಿ ದಾರ ಕೈಗೆ ಮೆತ್ತಗೆ, ಬಿಚ್ಚಿ ತಿದ್ದೋಕೆ ಸುಲಭ, ಕಲಿಯೋಕೆ ಒಳ್ಳೆಯದು. ಆದರೆ ಬೆವರು ಹೀರುತ್ತದೆ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹತ್ತಿಯ ಕೈಪಟ್ಟಿ ಹಾಕಿ ನೋಡಿ, ವಾರಕ್ಕೇ ವಾಸನೆ ಬರುತ್ತದೆ. ಮೇಣ ಹಚ್ಚಿದ ಹತ್ತಿ ದಾರದಲ್ಲಿ ಗಂಟು ಚೆನ್ನಾಗಿ ಕೂರುತ್ತದೆ, ಆದರೆ ಮೇಣಕ್ಕೆ ಧೂಳು ಅಂಟುತ್ತದೆ, ತಿಳಿ ಬಣ್ಣದ್ದಾದರೆ ಬೇಗ ಕೊಳೆ ಕಾಣುತ್ತದೆ. ನೈಲಾನ್ ದಾರಕ್ಕೆ ನೀರಿನ ಭಯವಿಲ್ಲ, ಬೇಗ ಒಣಗುತ್ತದೆ, ತುದಿಯನ್ನು ಲೈಟರ್ ಬೆಂಕಿಗೆ ತೋರಿಸಿ ಕರಗಿಸಿ ಒತ್ತಿಬಿಟ್ಟರೆ ಬಿಚ್ಚುವುದೂ ಇಲ್ಲ. ಒಂದೇ ತೊಂದರೆ, ನುಣುಪು. ಬಿಗಿಯಾಗಿ ಎಳೆಯದಿದ್ದರೆ ಗಂಟು ಜಾರುತ್ತದೆ, ಬಿಗಿಯಾಗಿ ಎಳೆದರೆ ಬೆರಳ ಸಂದಿ ಕೆಂಪಾಗುತ್ತದೆ. ಕಲಿಯೋಕೆ ಹತ್ತಿ, ದಿನಾ ಹಾಕಿಕೊಳ್ಳೋಕೆ ನೈಲಾನ್, ಇದು ನನ್ನ ತೀರ್ಪು.

ಈ ದಪ್ಪ ದಾರಕ್ಕೆ ದೊಡ್ಡ ತೂತಿನ ಮಣಿಯೇ ಬೇಕು, ಕಡಿಮೆ ಅಂದರೂ 1.5 ಮಿಮೀ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅವನ್ನು ಮಾಡುವ ಹಾಲೆ ಮರ ಹಗುರ, ಎಷ್ಟು ಹಾಕಿದರೂ ಕತ್ತು ನೋಯಲ್ಲ. ಆದರೆ ಎರಡು ವಿಷಯ. ಅರಗು ಬಿಸಿಗೆ ಕರಗುತ್ತದೆ, ಆದ್ದರಿಂದ ದಾರದ ತುದಿ ಸುಡುವಾಗ ಲೈಟರನ್ನು ಮಣಿಯ ಹತ್ತಿರ ತರಬೇಡಿ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಟ್ಟಬೇಡಿ, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ, ಹೊಳಪು ಹೋಗಿ ಮಣಿ ಅಂಟಂಟಾಗುತ್ತದೆ. ಟೆರಾಕೋಟ ಮಣಿಯೂ ಆಗಬಹುದು, ಆದರೆ ತೂಕ ಜಾಸ್ತಿ, ಕೆಳಗೆ ಬಿದ್ದರೆ ಕಥೆ ಮುಗಿಯಿತು.

ಮ್ಯಾಕ್ರಮೆಗೆ ಸಾಮಾನೂ ಬೇಕಿಲ್ಲ. ಪರೀಕ್ಷೆ ಬರೆಯುವ ರಟ್ಟಿಗೆ ಕ್ಲಿಪ್ ಹಾಕಿ ದಾರ ಸಿಕ್ಕಿಸಿದರೆ ಆಯಿತು. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಮಗಳ ಡ್ಯಾನ್ಸ್ ಕ್ಲಾಸಿನ ಹೊರಗೆ ಕೂತು ಮಾಡಬಹುದು.

ಮುತ್ತಿನ ಗಂಟು: ನಿಧಾನದ ಕೆಲಸ, ನನಗೆ ತುಂಬ ಇಷ್ಟವಾದದ್ದು

ಜಪಮಾಲೆ ಕೈಯಲ್ಲಿ ಹಿಡಿದು ನೋಡಿದ್ದೀರಾ? 108 ಮಣಿ, ಚೆನ್ನಾಗಿ ಕಟ್ಟಿದ್ದಾದರೆ ಪ್ರತಿ ಮಣಿಯ ಪಕ್ಕ ಒಂದು ಗಂಟು. ಮುತ್ತಿನ ಸರದ ಕೆಲಸವೂ ಅದೇ. ಗಂಟಿನಿಂದ ಎರಡು ಲಾಭ. ಮಣಿಗೆ ಮಣಿ ಉಜ್ಜುವುದಿಲ್ಲ, ಮುತ್ತಿನಂಥ ಮೆದು ವಸ್ತುವಿಗೆ ಇದು ದೊಡ್ಡ ಮಾತು. ಎರಡನೆಯದು, ಸರ ಹರಿದರೆ ಒಂದು ಮಣಿ ಬಿದ್ದೀತು, ಎಲ್ಲ ಉದುರಲ್ಲ. ಛತ್ರದ ಮೆಟ್ಟಿಲ ಅನುಭವ ಆದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಉಳಿತಾಯವೂ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಒಂದು ಗಂಟು ಸುಮಾರು 1 ಮಿಮೀ ಜಾಗ ಹಿಡಿಯುತ್ತದೆ. 18 ಇಂಚಿನ, ಅಂದರೆ 46 ಸೆಂಮೀ ಹತ್ತಿರದ ಸರಕ್ಕೆ 6 ಮಿಮೀ ಮಣಿಗಳನ್ನು ಗಂಟಿಲ್ಲದೆ ಪೋಣಿಸಿದರೆ 76 ಬೇಕು. ಗಂಟು ಹಾಕಿದರೆ 65 ಸಾಕು. ಕೊಕ್ಕೆಯ ಜಾಗ ಕಳೆದರೆ ಇನ್ನೂ ಒಂದೆರಡು ಕಡಿಮೆ. ಒಳ್ಳೆಯ ಮುತ್ತಿನಲ್ಲಿ ಹತ್ತು ಮಣಿ ಉಳಿದರೆ ಒಂದು ಜೊತೆ ಓಲೆ ಆಯಿತು.

ಗಂಟಿನ ಮೊದಲ ನಿಯಮ, ಅದು ತೂತಿಗಿಂತ ದಪ್ಪ ಇರಬೇಕು, ಇಲ್ಲದಿದ್ದರೆ ಮಣಿಯೊಳಗೇ ನುಸುಳಿ ಹೋಗುತ್ತದೆ. ಅದೇ ಹೊತ್ತಿಗೆ ದಾರ ತೂತಿಗಿಂತ ಸಣ್ಣದಿರಬೇಕು, ಆದರೆ ತೀರ ಸಣ್ಣದಲ್ಲ, ಮಣಿ ಲೊಡಲೊಡ ಅನ್ನಬಾರದು. ಸೂಜಿ ಜೋಡಿಸಿಯೇ ಬರುವ ರೇಷ್ಮೆ ದಾರದ ಕಾರ್ಡುಗಳು ಸಿಗುತ್ತವೆ, ಜರ್ಮನಿಯ ಗ್ರಿಫಿನ್ ಕಂಪನಿಯದು ತುಂಬ ಜನ ಬಳಸುತ್ತಾರೆ. ಒಂದು ಕಾರ್ಡಿನಲ್ಲಿ 2 ಮೀಟರ್ ಇರುತ್ತದೆ, ಒಂದು ಸರಕ್ಕೆ ಧಾರಾಳ. ಅದರಲ್ಲಿ 2ನೇ ನಂಬರ್ ಅಂದರೆ 0.45 ಮಿಮೀ, 4ನೇ ನಂಬರ್ 0.60 ಮಿಮೀ, 6ನೇದು 0.70 ಮಿಮೀ. ಹಾರ್ಲಿಕ್ಸ್ ಬಾಟಲಿಯಲ್ಲಿದ್ದ ನನ್ನ 0.8 ಮಿಮೀ ತೂತಿನ ಮಣಿಗೆ ಬೇಕಿದ್ದದ್ದು ಆ 4ನೇ ನಂಬರ್. ಚನ್ನಪಟ್ಟಣದ ಮಣಿಗೆ ಇದನ್ನು ಹಾಕಿದರೆ ಗಂಟು ತೂತಿನೊಳಗೆ ಮಾಯ.

ರೇಷ್ಮೆಯೋ ನೈಲಾನೋ? ರೇಷ್ಮೆ ಬಾಗುವ ರೀತಿಯೇ ಬೇರೆ, ಸರ ಕತ್ತಿನ ಮೇಲೆ ನೀರಿನ ಹಾಗೆ ಕೂರುತ್ತದೆ. ಗಂಟು ದುಂಡಗೆ ಬರುತ್ತದೆ. ಆದರೆ ಒದ್ದೆಯಾದರೆ ಹಿಗ್ಗುತ್ತದೆ, ಬೆವರಿಗೆ ಕೊಳೆಯಾಗುತ್ತದೆ, ಪದೇಪದೇ ಹಾಕುವ ಸರವನ್ನು ಒಂದೆರಡು ವರ್ಷಕ್ಕೆ ಮತ್ತೆ ಕಟ್ಟಿಸಬೇಕು. ನೈಲಾನ್ ಅಷ್ಟು ಹಿಗ್ಗಲ್ಲ, ಬಾಳಿಕೆ ಹೆಚ್ಚು, ಗಾಜು ಮತ್ತು ಕಲ್ಲಿನ ಮಣಿಗೆ ಅದೇ ಸಾಕು. ನಿಜವಾದ ಮುತ್ತಿಗೆ ರೇಷ್ಮೆ, ಮಿಕ್ಕಿದ್ದಕ್ಕೆ ನೈಲಾನ್ ಅಂತ ನಾನು ಗೆರೆ ಎಳೆದುಕೊಂಡಿದ್ದೇನೆ.

ಮಾರ್ಕೆಟ್ಟಿನಲ್ಲಿ ಹೊಳೆಯುವ ದಾರಕ್ಕೆಲ್ಲ "ಸಿಲ್ಕ್" ಅಂತಲೇ ಕರೆಯುತ್ತಾರೆ. ಸೀರೆ ಕುಚ್ಚಿಗೆ ಹಾಕುವ ಲಡಿಗಳು ಹೆಚ್ಚಾಗಿ ಆರ್ಟ್ ಸಿಲ್ಕ್, ಅಂದರೆ ರೇಯಾನ್. ಕುಚ್ಚಿಗೆ ಅದು ಚೆನ್ನ, ಸರಕ್ಕೆ ಬೇಡ. ಒದ್ದೆಯಾದರೆ ಅದರ ಶಕ್ತಿ ಕುಗ್ಗುತ್ತದೆ. ಅನುಮಾನ ಬಂದರೆ ಒಂದು ಎಳೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್, ಹತ್ತಿ ಆದರೆ ಕಾಗದ ಸುಟ್ಟ ವಾಸನೆ. ನೈಲಾನ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಇನ್ನು ಗಂಟು ಹಾಕುವ ವಿದ್ಯೆ. ಸಡಿಲವಾಗಿ ಕುಣಿಕೆ ಮಾಡಿ, ಅದರೊಳಗೆ ದಪ್ಪ ಸೂಜಿ ಅಥವಾ ಚಿಮುಟದ ತುದಿ ಇಟ್ಟು, ಕುಣಿಕೆಯನ್ನು ಮಣಿಯ ಕತ್ತಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿಗೆ ಮುಟ್ಟಿದ ಮೇಲೆ ಸೂಜಿ ತೆಗೆದು ಉಗುರಿನಲ್ಲಿ ಒತ್ತಿ ಬಿಗಿಯಬೇಕು. ಓದೋಕೆ ಸುಲಭ ಅನ್ನಿಸುತ್ತೆ. ಮೊದಲ ಸರದಲ್ಲಿ ಅರ್ಧದಷ್ಟು ಗಂಟುಗಳು ಮಣಿಯಿಂದ ಒಂದು ಮಿಮೀ ದೂರ ನಿಂತುಬಿಡುತ್ತವೆ. ಬಿಗಿದ ರೇಷ್ಮೆ ಗಂಟನ್ನು ಬಿಚ್ಚೋಕೆ ಹೋದರೆ ದಾರ ಕೂದಲು ಕೆದರಿದ ಹಾಗಾಗುತ್ತದೆ, ಅಲ್ಲಿಗೆ ಪೂರ್ತಿ ಹೊಸ ದಾರ. ನಾನು ಮೊದಲ ಸರವನ್ನು ನಾಲ್ಕು ಸಲ ಕತ್ತರಿಸಿದೆ. ಅದಕ್ಕೇ ಶುರುವಿಗೆ ಮುತ್ತು ಬೇಡ, 8 ಮಿಮೀ ಗಾಜಿನ ಮಣಿ, ನೈಲಾನ್ ದಾರ, ಒಂದು ಕೈಸರ ಸಾಕು.

ಊರಿನ ಚಿನ್ನದ ಅಂಗಡಿ ಬೀದಿಯಲ್ಲಿ ಸರ ಕಟ್ಟಿಕೊಡುವವರು ಇನ್ನೂ ಇದ್ದರೆ ಒಂದು ಗಂಟೆ ಅವರ ಎದುರು ಕೂತು ನೋಡಿ. ದಾರ ಪೋಣಿಸುವುದೇ ಕುಲಕಸುಬಾದ ಪಟವೇಗಾರರು ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಎರಡೂ ಕೈ ಖಾಲಿ ಇಟ್ಟುಕೊಂಡು ಮಾಡುವ ಕೆಲಸ ನೋಡಿದರೆ ನಮ್ಮ ಚಿಮುಟ, ಟ್ರೇ, ಕ್ಲಿಪ್ಪು ಎಲ್ಲ ಆಟದ ಸಾಮಾನು ಅನ್ನಿಸುತ್ತದೆ. ಹಾರದ ಹಿಂದೆ ಮೇಲೆ ಕೆಳಗೆ ಜಾರಿಸಿ ಉದ್ದ ಸರಿಮಾಡುವ ದಾರದ ಡೋರಿ ಇರುತ್ತಲ್ಲ, ಅದೂ ಅವರ ಕೆಲಸವೇ. ಲೋಹದ ಕೊಕ್ಕೆ ತಾಗಿದರೆ ಕತ್ತು ತುರಿಸುವವರಿಗೆ ಡೋರಿಯೇ ವಾಸಿ. ಮ್ಯಾಕ್ರಮೆ ಮಾಡುವವರು ಎರಡು ತುದಿಗಳನ್ನು ಎದುರುಬದುರು ಇಟ್ಟು ಮೇಲೆ ನಾಲ್ಕು ಚೌಕ ಗಂಟು ಹಾಕಿದರೆ ಹೆಚ್ಚು ಕಡಿಮೆ ಅದೇ ಜಾರುವ ಬೀಗ ಸಿಗುತ್ತದೆ.

ತುದಿಯ ಗಂಟಿಗೆ ಕ್ಷಣದಲ್ಲಿ ಹಿಡಿಯುವ ಗೋಂದು ಹಾಕಬೇಡಿ. ದಾರ ಕಡ್ಡಿಯ ಹಾಗೆ ಗಡುಸಾಗಿ, ಸುತ್ತ ಬಿಳಿ ಕಲೆ ಬಂದು, ಆಮೇಲೆ ಅಲ್ಲೇ ಮುರಿಯುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಸಾಕು. ಮುತ್ತಿನ ಸರವನ್ನು ಸೆಂಟು, ಪೌಡರು ಎಲ್ಲ ಆದ ಮೇಲೆ ಹಾಕಿ, ಮನೆಗೆ ಬಂದ ತಕ್ಷಣ ತೆಗೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಸಣ್ಣ ಮಣಿಯ ಹೆಣಿಗೆ

ಆರಿ ವರ್ಕಿನ ಅಂಗಡಿಗಳಲ್ಲಿ ಶುಗರ್ ಬೀಡ್ಸ್ ಅಂತ ಕೇಳಿದರೆ ಕೊಡುವ ಮಣಿಗಳೇ ಇವು. ನಂಬರ್ ಜಾಸ್ತಿಯಾದಷ್ಟೂ ಮಣಿ ಸಣ್ಣದು: 6ನೇ ನಂಬರ್ ಸುಮಾರು 4 ಮಿಮೀ, 8ನೇದು 3, 11ನೇದು 2 ಮಿಮೀ. ಎರಡು ಬೆರಳು ಅಗಲದ ಕೈಪಟ್ಟಿಗೆ 11ನೇ ನಂಬರಿನ ಮಣಿ ಸಾವಿರದ ಮೇಲೆಯೇ ಬೇಕು. ಒಂದೊಂದನ್ನೂ ಸೂಜಿಯಲ್ಲಿ ಎತ್ತಬೇಕು. ಈ ಒಂದು ವಾಕ್ಯ ಓದಿ ಖುಷಿಯಾಯಿತಾ, ಸುಸ್ತಾಯಿತಾ? ಅದೇ ನಿಮ್ಮ ಉತ್ತರ.

ಇಲ್ಲಿ ದುಡ್ಡು ಹೋಗುವುದು ಮಣಿಗೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಗಾಜಿನ ಮಣಿಗಳು ಒಂದು ದಪ್ಪ, ಒಂದು ತೆಳು, ಕೆಲವಕ್ಕೆ ತೂತೇ ಮುಚ್ಚಿರುತ್ತದೆ. ಪೋಣಿಸೋಕೆ, ಕುಚ್ಚಿಗೆ, ಬಟ್ಟೆಯ ಮೇಲೆ ಹೊಲಿಯೋಕೆ ಇವು ಸಾಕು, ಆ ಏರುಪೇರೇ ಒಂದು ಚಂದ. ಹೆಣೆದು ಚಿತ್ರ ಮೂಡಿಸುವುದಾದರೆ ಪಟ್ಟಿ ಸೊಟ್ಟಗಾಗುತ್ತದೆ. ಜೆಕ್ ದೇಶದ ಮಣಿಗಳು ದುಂಡಗೆ, ತಕ್ಕಮಟ್ಟಿಗೆ ಸಮ. ಜಪಾನಿನ ಮಿಯುಕಿ ಡೆಲಿಕಾ ಮಣಿಗಳು ಸಣ್ಣ ಕೊಳವೆಯ ಆಕಾರ, ತೆಳು ಗೋಡೆ, ದೊಡ್ಡ ತೂತು, ಒಂದಕ್ಕೊಂದು ಇಟ್ಟಿಗೆಯ ಹಾಗೆ ಕೂರುತ್ತವೆ. ಬೆಲೆ ಮಾತ್ರ ನಮ್ಮವಕ್ಕಿಂತ ಹಲವು ಪಟ್ಟು. ನಾನು ಮಾಡುವುದು ಏನೆಂದರೆ, ವಿನ್ಯಾಸವನ್ನು ಮೊದಲು ಅಗ್ಗದ 8ನೇ ನಂಬರಿನಲ್ಲಿ ಒಂದು ಗೇಣು ಹೆಣೆದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಜಪಾನಿನದ್ದಕ್ಕೆ ಕೈಹಾಕುವುದು.

ದಾರಕ್ಕೆ ಹೊಲಿಗೆ ಮಷಿನ್ನಿನ ದಾರ ಬೇಡ, ಗಾಜಿನ ಅಂಚು ಅದನ್ನು ಕೊಯ್ಯುತ್ತದೆ. ಮಣಿ ಕೆಲಸದ ನೈಲಾನ್ ದಾರ ಇಲ್ಲವೇ ಸಣ್ಣ ಎಳೆಗಳಿಂದ ಹೆಣೆದ ಗಾಳದ ದಾರ (ತಂಗೂಸಿ ಅಲ್ಲ) ತಗೊಳ್ಳಿ. ಸೂಜಿ 10 ಅಥವಾ 12ನೇ ನಂಬರ್, ಉದ್ದಕ್ಕೆ ಕೂದಲಿನ ಹಾಗಿರುತ್ತದೆ, ಬಾಗುತ್ತದೆ, ಮುರಿಯುತ್ತದೆ, ನಾಲ್ಕಾರು ಇಟ್ಟುಕೊಳ್ಳಿ. ನಲವತ್ತು ದಾಟಿದವರು ಕನ್ನಡಕ ಮತ್ತು ಹಗಲು ಬೆಳಕು ಎರಡೂ ಇಲ್ಲದೆ ಇದಕ್ಕೆ ಕೂರಬೇಡಿ. ಮಣಿ ಹೆಣೆಯುವ ಪುಟ್ಟ ಮಗ್ಗ ಬೇಕಾ ಅಂತ ಕೇಳುತ್ತಾರೆ. ಮಗ್ಗದಲ್ಲಿ ಸಾಲಿಗೆ ಸಾಲು ಬೇಗ ಏರುತ್ತದೆ, ಆದರೆ ಕೊನೆಯಲ್ಲಿ ಹತ್ತಿಪ್ಪತ್ತು ದಾರದ ತುದಿಗಳನ್ನು ಒಳಗೆ ಸೇರಿಸುವ ಶಿಕ್ಷೆ ಇದೆ. ಮಗ್ಗ ಇಲ್ಲದೆ ಬರೀ ಸೂಜಿಯಲ್ಲಿ ಹೆಣೆದರೆ ನಿಧಾನ, ತುದಿಗಳು ಮಾತ್ರ ಕೆಲವೇ. ನಾನು ಸೂಜಿಯ ಪಕ್ಷ. ಮನೆಯಲ್ಲಿ ಅಂಬೆಗಾಲಿಡುವ ಮಗು ಅಥವಾ ಬೆಕ್ಕು ಇದ್ದರೆ ಈ ವಿಭಾಗವನ್ನೇ ಸದ್ಯಕ್ಕೆ ಮರೆತುಬಿಡಿ.

ಹಾಗಾದರೆ ಯಾವುದು?

ಸೀರೆಗೆ ಕುಚ್ಚು ಹಾಕಿ ಅಭ್ಯಾಸ ಇದ್ದವರು ನೇರವಾಗಿ ಮುತ್ತಿನ ಗಂಟಿಗೆ ಹೋಗಿ, ನಿಮ್ಮ ಬೆರಳಿಗೆ ಆ ಹದ ಆಗಲೇ ಇದೆ. ಹೂ ಕಟ್ಟುವವರು ಮ್ಯಾಕ್ರಮೆಗೆ. ರಂಗೋಲಿಯಲ್ಲಿ ಚುಕ್ಕಿ ಎಣಿಸುವ ಹುಚ್ಚಿದ್ದವರು ಸಣ್ಣ ಮಣಿಗೆ, ಗ್ರಾಫ್ ಹಾಳೆಯ ಮೇಲೆ ಬರೆದ ವಿನ್ಯಾಸ ನೋಡಿದ ಕೂಡಲೇ ಅರ್ಥವಾಗುತ್ತದೆ. ಬೆರಳ ಕೀಲು ನೋಯುವವರಿಗೆ ನೈಲಾನ್ ಮ್ಯಾಕ್ರಮೆ ಬೇಡ, ಎಳೆದೆಳೆದು ಇನ್ನೂ ನೋವಾಗುತ್ತದೆ. ನಾಳೆಯೇ ಹುಟ್ಟುಹಬ್ಬ, ಇವತ್ತೇ ಉಡುಗೊರೆ ಬೇಕು ಅನ್ನುವವರಿಗೆ ಗೇರ್ ವೈರ್, ಎರಡನೇ ಮಾತಿಲ್ಲ.

ಒಂದು ಎಚ್ಚರಿಕೆ, ಇದು ಯಾವ ಕೆಲಸ ಆರಿಸಿದರೂ ಅನ್ವಯ. ಹಿತ್ತಲಲ್ಲಿ, ಬೇಲಿಯಲ್ಲಿ ಸಿಗುವ ಕೆಂಪು ಕಪ್ಪು ಗುಲಗಂಜಿ ನೋಡಿದರೆ ಯಾರಿಗಾದರೂ ಸರ ಮಾಡೋಣ ಅನ್ನಿಸುತ್ತೆ. ಹಿಂದೆ ಚಿನ್ನ ತೂಗುತ್ತಿದ್ದ ಬೀಜ, ಅಷ್ಟು ಮುದ್ದು. ಆದರೆ ಅದರ ಒಳಗೆ ಕಡು ವಿಷವಿದೆ. ಸಿಪ್ಪೆ ಗಟ್ಟಿಯಾಗಿರುವವರೆಗೆ ಸರಿ, ತೂತು ಕೊರೆದರೆ ಆ ಸಿಪ್ಪೆಯೇ ಒಡೆದ ಹಾಗೆ. ಕೊರೆಯುವವರಿಗೂ ಅಪಾಯ, ಬಾಯಿಗೆ ಹಾಕುವ ಮಗುವಿಗಂತೂ ಪ್ರಾಣಕ್ಕೇ ಅಪಾಯ. ಡಬ್ಬಿಯಲ್ಲಿಟ್ಟು ನೋಡೋದೂ ಬೇಡ.

ಅಂಗಡಿಗೆ ಹೋಗುವಾಗ ಪರ್ಸಿನಲ್ಲಿ ನಿಮ್ಮ ದಾರದ ಒಂದು ಗೇಣು ಇಟ್ಟುಕೊಂಡು ಹೋಗಿ. ಸರದಿಂದ ಒಂದು ಮಣಿ ಬಿಚ್ಚಿ ಕೊಡಿ ಅಂತ ಕೇಳಿ ಅಲ್ಲೇ ಹಾಕಿ ನೋಡಿ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ನಾನೂ ಹಾಗೆಯೇ 4ನೇ ನಂಬರ್ ದಾರ ತಂದು, ನವಿಲುಗರಿ ಬಣ್ಣದ ಮಣಿಗಳನ್ನು ಕೊನೆಗೂ ಬಾಟಲಿಯಿಂದ ಇಳಿಸಿದೆ. ಮೂರು ಸಂಜೆ ಹಿಡಿಯಿತು. ನಡುವೆ ಎರಡು ಗಂಟು ದೂರ ನಿಂತಿವೆ, ಕೂದಲು ಬಿಟ್ಟರೆ ಕಾಣಲ್ಲ. ಅದನ್ನು ಅತ್ತಿಗೆಗೇ ಕೊಟ್ಟೆ. ಹಾಕಿಕೊಂಡ ತಕ್ಷಣ ಅವರು ಮಾಡಿದ ಮೊದಲ ಕೆಲಸ, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ್ದು.